ಅಂಗೈಗೆ ತಾಗುವ ಉಸಿರು

"ನೀರ ಸುದ್ದಾ ಮುಟ್ಟಿಲ್ರೀ ಮೇಡಂ, ನಿಮ್ಮಾಣಿ," ಎಂದಳು ಭಾತಂಬ್ರಾದ ಜಿಜಾಬಾಯಿ, ಬೀದರಿನ ಆಸ್ಪತ್ರೆಯ ಆಪರೇಶನ್ ಥಿಯೇಟರಿನ ಬಾಗಿಲಲ್ಲಿ. ಅರಿವಳಿಕೆ ಡಾಕ್ಟರು ಕರುಣಾ ಮಾತ್ರ ಅವಳ ತೋರುಬೆರಳನ್ನೇ ನೋಡುತ್ತಿದ್ದಳು. ಉಗುರಿನ ಸಂದಿ ಕಪ್ಪಾಗಿತ್ತು. ಔರಾದದಲ್ಲಿ ಕರುಣಾಳ ಅಜ್ಜಿಯ ಬೆರಳೂ ಹೀಗೇ ಇರುತ್ತಿತ್ತು.

"ಮಿಸ್ರಿ ತಿಕ್ಕೀರೇನು?"

"ಅದೇನ್ ತಿನ್ನೋದೇನ್ರೀ? ಹಲ್ಲಿಗಿ ಹಚ್ಚೋದು. ಒಂದ್ ಚಿಟಿಕಿ."

ಸುಟ್ಟ ತಂಬಾಕಿನ ಆ ಪುಡಿ ಇಲ್ಲದೆ ಈ ಕಡೆಯ ಎಷ್ಟೋ ಹೆಂಗಸರಿಗೆ ಬೆಳಗಾಗುವುದಿಲ್ಲ. ಏಕಾದಶಿಯ ಉಪವಾಸವೂ ಅದರಿಂದ ಕೆಡುವುದಿಲ್ಲ. ಕರುಣಾಳಿಗೆ ನಗು ಬಂತು, ಬೆನ್ನಿಗೇ ಅಂಜಿಕೆಯೂ ಬಂತು. ಜಿಜಾಬಾಯಿಯ ಶ್ವಾಸಕೋಶದ ತುಂಬ ತೆಳು ಗುಳ್ಳೆಗಳು, ಅಪರೂಪದ ಕಾಯಿಲೆ. ಮಿಸ್ರಿಯ ಜೊಲ್ಲು ಗಂಟಲಿಗಿಳಿದು ಮಂಪರಿನಲ್ಲಿ ಜೋರಾಗಿ ಕೆಮ್ಮಿ ಒಂದು ಗುಳ್ಳೆ ಒಡೆದರೂ ಜೀವಕ್ಕೇ ಸಂಚಕಾರ. ಯಂತ್ರದಿಂದ ಗಾಳಿ ಒತ್ತಿದರೂ ಅದೇ ಗತಿ. ಅದಕ್ಕೇ ಬರೀ ಸಲೈನಿನ ಸೂಜಿಯಲ್ಲಿ ಮದ್ದು ಕೊಟ್ಟು, ಅವಳದೇ ಉಸಿರಿನ ಮೇಲೆ ಸ್ತನದ ಗಂಟು ತೆಗೆಸುವುದೆಂದು ಕರುಣಾ ಹಟ ಹಿಡಿದಿದ್ದಳು.

"ಇವತ್ತ್ ಬ್ಯಾಡ್ರಿ. ನಾಳಿ."

"ಚಿಟಿಕಿ ಮಿಸ್ರಿಗಿ ಆಪರೇಶನ್ ಮುಂದ್ ಹಾಕ್ತೀರೇನ್ರೀ?" ಸರ್ಜನ್ ಶ್ರೀಪಾದ ಮುಖ ಸಿಂಡರಿಸಿದ. ಯಂತ್ರಗಳನ್ನು ನಂಬಿದಷ್ಟು ಅವನು ಮನುಷ್ಯರನ್ನು ನಂಬಿದವನಲ್ಲ.

"ಹಾಕ್ತೇನ್ರಿ," ಎಂದು ಕರುಣಾ ಜಿಜಾಬಾಯಿಯಿಂದ ಮಿಸ್ರಿ ಡಬ್ಬಿ ಇಸಿದುಕೊಂಡು ಅವಳ ಗಂಡ ಗೋರಖನಾಥನ ಕೈಗಿತ್ತಳು. "ಅವ್ರು ಅತ್ತರೂ ಕೊಡಬ್ಯಾಡ್ರಿ."

ಮರುದಿನ ಮದ್ದು ಹನಿಹನಿಯಾಗಿ ಇಳಿಯಿತು. ಪರದೆಯ ಮೇಲೆ ಎಲ್ಲ ಕಾಣುತ್ತಿದ್ದರೂ ಕರುಣಾ ತನ್ನ ಅಭ್ಯಾಸದಂತೆ ರೋಗಿಯ ಮೂಗಿನ ಕೆಳಗೆ ಬರಿಯ ಅಂಗೈ ಹಿಡಿದೇ ಕೂತಳು. ಗಂಟು ಅರ್ಧ ಬಿಡಿಸುವಷ್ಟರಲ್ಲಿ ಆ ಬೆಚ್ಚನೆಯ ಗಾಳಿ ನಿಂತಿತು.

"ಗಂಟಲಿಗಿ ನಳಿಗಿ ಹಾಕ್ರಿ, ಮಷೀನಿಗಿ ಹಚ್ರಿ!" ಶ್ರೀಪಾದ ಕೂಗಿದ.

ಕರುಣಾ ಮದ್ದು ನಿಲ್ಲಿಸಿ ಜಿಜಾಬಾಯಿಯ ದವಡೆ ಎತ್ತಿ ಹಿಡಿದಳು. ಇನ್ನೊಂದು ಅಂಗೈ ಮೂಗಿನ ಕೆಳಗೇ ಇತ್ತು. "ತಡೀರಿ. ಬರ್ತದ."

ಬಂತು. ಮೊದಲು ಸಣ್ಣಗೆ, ಆಮೇಲೆ ನೆಮ್ಮದಿಯಾಗಿ. ಶ್ರೀಪಾದ ಮತ್ತೆ ಕತ್ತರಿ ಎತ್ತಿಕೊಂಡ.

"ಹ್ಯಾಂಗದಾಳ್ರಿ?" ವಾರ್ಡಿನಲ್ಲಿ ಗೋರಖನಾಥ ಎದ್ದು ನಿಂತ. ಕರುಣಾ ಅವನ ಒರಟು ಅಂಗೈ ಹಿಡಿದು ಹೆಂಡತಿಯ ಮೂಗಿನ ಕೆಳಗಿಟ್ಟಳು.

ಜಿಜಾಬಾಯಿ ಅರೆಗಣ್ಣು ತೆರೆದಳು. "ಡಬ್ಬಿ ಎಲ್ಲ್ಯದ?"

"ಕೊಡೂದಿಲ್ಲ," ಎಂದ ಗೋರಖನಾಥ. ಅವಳು ಮತ್ತೆ ನಿದ್ದೆಹೋದಳು. ಅವನು ಅಂಗೈ ತೆಗೆಯಲಿಲ್ಲ.