ಬೆನ್ನ ಹಿಂದಿನ ಕುದುರೆ

"ಎಷ್ಟನೇತ್ತ ತನಕ ಓದೀಯಪಾ?" ಎಂದು ಅಂಗಡಿಯವನು ಕೇಳಿದ್ದೇ ತಡ, ಬುರಾನುದ್ದೀನನ ಮೂಗಿನ ಹೊಳ್ಳೆಗಳು ಅರಳಿದವು.

"ಎಂಟನೇತ್ತಕ್ಕ ಸಾಲಿ ಬಿಟ್ಟೇನ್ರಿ. ಕಿವಿ ಬಿಟ್ಟಿಲ್ಲ. ಎರಡೂ ಇಲ್ಲೇ ಅವ, ನೋಡ್ರಿ. ನೀವು ಕೇಳಸ್ರಿ, ನಾ ಹೇಳ್ತೇನಿ."

ಅಂಗಡಿಯವನು ಕೇಳಿದ್ದು ಚುಚ್ಚಲಿಕ್ಕಲ್ಲ. ಡಬ್ಬದ ಮೇಲಿನ ಇಂಗ್ಲಿಷು ಈ ಹುಡುಗನಿಗೆ ಓದಲಿಕ್ಕೆ ಬರುತ್ತದೋ ಇಲ್ಲವೋ ಎಂದಷ್ಟೇ. ಆದರೆ ಬುರಾನನಿಗೆ ಆ ಪ್ರಶ್ನೆ ಯಾರ ಬಾಯಿಂದ ಬಂದರೂ ಕೆನ್ನೆಗೆ ಬಿಟ್ಟಂತೆಯೇ.

ತೊಂಬತ್ತೊಂಬತ್ತರ ಬೇಸಿಗೆ ಅದು. ಅತನೂರಿನಲ್ಲಿ ಕಲ್ಯಾಣಪ್ಪನ ತೊಗರಿ ಗೋದಾಮು ಖಾಲಿ ಬಿದ್ದಿತ್ತು. ಬುರಾನ ಅದರಲ್ಲಿ ಪ್ರತಿ ರವಿವಾರ ಮಧ್ಯಾಹ್ನ ಸಿನಿಮಾ ಹಾಕುತ್ತಿದ್ದ. ಅಫಜಲಪುರದ ಟೈಪಿಂಗ್ ಕ್ಲಾಸಿನವರು ಮಾರಿದ ಹಳೆ ಕಂಪ್ಯೂಟರು, ಅದರೊಳಗೆ ಸಿಡಿ, ಅಲ್ಲಿಂದ ಒಂದು ದೊಡ್ಡ ಟಿವಿಗೆ ತಂತಿ. ಚಿತ್ರ ಚಲೋ ಬರುತ್ತಿತ್ತು. ಸಪ್ಪಳ ಮಾತ್ರ ಬಾಯಿಗೆ ಅರಳೆ ತುರುಕಿದಂತೆ.

ಊರ ರೀತಿಯಂತೆ ಗಂಡಸರು ಮುಂದೆ ನೆಲದ ಮೇಲೆ, ಹೆಂಗಸರು ಹಿಂದೆ. ನಡುವೆ ಹಗ್ಗ ಕಟ್ಟಿ, ಹಳೆ ಧೋತರ ಇಳಿಬಿಟ್ಟು, ಸೊಂಟದೆತ್ತರದ ಪರದೆ. ಅದರಾಚೆ ಚೀಲಗಳ ಮೇಲೆ ಹಲಗೆ ಹಾಸಿ ಹೆಂಗಸರನ್ನು ಎತ್ತರಕ್ಕೆ ಕೂಡಿಸಿದ್ದ. ನೋಡಲಿಕ್ಕೆ ಅಡ್ಡಿಯಿರಲಿಲ್ಲ, ಕೇಳಲಿಕ್ಕೆ ಏನೂ ಸಿಗುತ್ತಿರಲಿಲ್ಲ. ಅವನನ್ನು ಸಾಕಿದ ದೊಡ್ಡವ್ವ ಪ್ಯಾರಿಬಿ ಪರದೆಗೆ ಆತು ಕೂತು ಗಳಿಗೆಗೊಮ್ಮೆ "ಏನಂದಳೋ ಆಕಿ?" ಎಂದು ಕೂಗುತ್ತಿದ್ದಳು. ಮುಂದಿನಿಂದ "ಸುಮ್ನ ಕೂಡಬೇ ಮುದುಕಿ" ಎಂದು ಯಾರೋ ಗದರುತ್ತಿದ್ದರು. ಹಾಗೆ ಗದರಿದಾಗಲೆಲ್ಲ ಬುರಾನನ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು. ಆ ಬೆಂಕಿಯೇ ಅವನನ್ನು ಕಲಬುರ್ಗಿಯ ಈ ಅಂಗಡಿಗೆ ತಂದು ನಿಲ್ಲಿಸಿತ್ತು.

ಅವನ ಕಣ್ಣು ಬೆಳ್ಳಿ ಬಣ್ಣದ, ದೀಪ ಮಿಣುಕುವ ಐದು ಸ್ಪೀಕರ್ ಡಬ್ಬಿಗಳ ಸೆಟ್ಟಿನ ಮೇಲಿತ್ತು.

"ಅದು ಬ್ಯಾಡ ನಿನಗ," ಅಂಗಡಿಯವನು ಹೇಳಿದ. "ನಿನ್ನ ಕಂಪ್ಯೂಟರಿನ ಸೌಂಡ್ ಕಾರ್ಡಿಗೆ ಸ್ಪೀಕರ್ ಹಚ್ಚೋ ಕಿಂಡಿ ಒಂದೇ ಅದ. ಐದು ಡಬ್ಬಿ ಹಚ್ಚಿದ್ರೂ ಐದೂ ಕೂಡಿ ಒಂದೇ ಮಾತು ಒದರ್ತಾವ. ಮೊದಲ ಕಾರ್ಡ್ ಬದಲಿ ಮಾಡು."

"ನಾ ಡಬ್ಬಿ ಕೇಳಿದ್ರ ನೀವು ಕಾರ್ಡ್ ಮಾರಾಕತ್ತೀರಿ! ಹಳ್ಳಿಯವ ಅಂತ ಟೊಪ್ಪಿಗಿ ಹಾಕ್ಬ್ಯಾಡ್ರಿ. ಬಾಯಿಲೆ ಹೇಳೋದು ಬ್ಯಾಡ, ಹಚ್ಚಿ ತೋರಸ್ರಿ."

ಅಂಗಡಿಯವನು ಸಿಟ್ಟಾಗಲಿಲ್ಲ. ಮೊದಲು ಒಂದು ಕಿಂಡಿಯ ಕಾರ್ಡಿಗೆ ಹಚ್ಚಿದ. ಹೆಲಿಕಾಪ್ಟರಿನ ಸಪ್ಪಳ ಎಲ್ಲ ಮೂಲೆಯಿಂದ ಒಮ್ಮೆಲೇ ಬಂದು ಗಿರಣಿಯ ಗದ್ದಲವಾಯಿತು. ಆಮೇಲೆ ಮುಂದಿನ ಡಬ್ಬಿಗಳಿಗೊಂದು, ಹಿಂದಿನವುಗಳಿಗೊಂದು ಎಂದು ಬೇರೆ ಬೇರೆ ಕಿಂಡಿಯಿದ್ದ ಕಾರ್ಡಿನ ಕಂಪ್ಯೂಟರಿಗೆ ಹಚ್ಚಿದ. ಈ ಸಲ ಹೆಲಿಕಾಪ್ಟರು ಎದುರಿಗೆ ಎದ್ದಿತು, ಬುರಾನನ ಎಡ ಭುಜ ಸವರಿಕೊಂಡು ಬೆನ್ನ ಹಿಂದೆ ಹೋಯಿತು. ಅವನು ಗಪ್ಪನೆ ತಿರುಗಿ ನೋಡಿದ. ಗೋಡೆಯ ಮೇಲೆ ಒಂದು ಕ್ಯಾಲೆಂಡರು ತೂಗುತ್ತಿತ್ತು, ಅಷ್ಟೇ.

"ಖರೇ ಅದರಿ," ಎಂದ. ಸೋತೆನೆಂಬ ಮುಖವಿರಲಿಲ್ಲ, ಗೆದ್ದವನ ಹಾಗೆ ನಗುತ್ತಿದ್ದ. "ಕಾರ್ಡ್ ಇದೇ ಕೊಡ್ರಿ. ಡಬ್ಬಿ ಸಸ್ತಾದ್ದು ತಗೊಂಡು ರೊಕ್ಕ ಕಮ್ಮಿ ಮಾಡೂಣು."

ಕಮ್ಮಿ ಮಾಡುವುದೆಂದರೆ ಸಿಕ್ಕಿದ್ದು ಎತ್ತಿಕೊಳ್ಳುವುದಲ್ಲ. ತಾನು ತಂದ ಸಿಡಿ ಹಾಕಿಸಿ, ಒಂದೊಂದು ಸೆಟ್ಟಿಗೂ ಬೆನ್ನು ಕೊಟ್ಟು, ಕಣ್ಣು ಮುಚ್ಚಿ ನಿಂತ. ಹೊಳೆಯುವವನ್ನು ಬಿಟ್ಟ, ಜೋರು ಮಾಡಿದರೆ ಅವುಗಳ ಪ್ಲಾಸ್ಟಿಕ್ಕು ಹಲ್ಲು ಕಡಿಯುತ್ತಿತ್ತು. ಕಟ್ಟಿಗೆಯ ಮೈಯ ಸಣ್ಣ ನಾಲ್ಕು ಡಬ್ಬಿ, ಗುಡುಗಿಗೆಂದು ಒಂದು ದಪ್ಪನೆಯದು ಆರಿಸಿದ. ನೋಡಲಿಕ್ಕೆ ಕರ್ರಗೆ, ಬಡವರ ಮನೆಯ ಟ್ರಂಕಿನಂತಿದ್ದವು. ಮಾತು ಮಾತ್ರ ಬಿಡಿಬಿಡಿಯಾಗಿ ಆಡುತ್ತಿದ್ದವು.

ಊರಿಗೆ ಬಂದು ಎರಡು ಡಬ್ಬಿ ಟಿವಿಯ ಅಕ್ಕಪಕ್ಕ ಇಟ್ಟ, ಎರಡನ್ನು ಹಿಂಗೋಡೆಗೆ, ಹೆಂಗಸರ ತಲೆಯ ಮೇಲೆ ಬರುವಂತೆ ಜಡಿದ. ಶನಿವಾರ ಖಾಲಿ ಗೋದಾಮಿನ ನಡುವೆ ಒಬ್ಬನೇ ನಿಂತು ಕೇಳಿದ. ಸುತ್ತಲೂ ಸಿನಿಮಾದ ಕುದುರೆಗಳು ಓಡಿದವು. ಇನ್ನು ಮುದುಕಿಗೆ ಗದರುವವರು ಯಾರು ಬರುತ್ತಾರೋ ಬರಲಿ ಎಂದು ಎದೆಯುಬ್ಬಿಸಿದ. ಗೋದಾಮು ಖಾಲಿಯಿತ್ತು ಎಂಬುದೊಂದನ್ನು ಅವನು ಲೆಕ್ಕಕ್ಕೆ ಹಿಡಿಯಲಿಲ್ಲ.

ಗೋದಾಮು ಕೊಡುವಾಗ ಕಲ್ಯಾಣಪ್ಪ ಒಂದೇ ಕರಾರು ಹಾಕಿದ್ದ: "ಹೆಣ್ಮಕ್ಕಳ ವಿಷಯದಾಗ ತಕರಾರು ಬಂತಂದ್ರ ಅವತ್ತೇ ಕೀಲಿ ಜಡೀತೇನಿ."

ರವಿವಾರ ಗೋದಾಮು ತುಂಬಿತು. ಕಲ್ಯಾಣಪ್ಪ ಎಂದಿನಂತೆ ಎಲ್ಲರಿಗಿಂತ ಮುಂದೆ, ನಟ್ಟನಡುವೆ ಕುರ್ಚಿ ಹಾಕಿಸಿಕೊಂಡು ಕೂತ. ಸಿನಿಮಾ ಸುರುವಾಗಿ ಬಹಳ ಹೊತ್ತಾದರೂ ಹಿಂದಿನಿಂದ "ಏನಂದಳೋ" ಬರಲಿಲ್ಲ. ನಾಯಕಿ ಅತ್ತಳು, ಪರದೆಯಾಚೆ ಪ್ಯಾರಿಬಿ ಮೂಗು ಸೇದಿದ್ದು ಬುರಾನನಿಗೆ ಕೇಳಿಸಿತು.

ಆಗ ದರೋಡೆಕೋರರ ಕುದುರೆಗಳು ಬಂದವು. ಬೆನ್ನ ಹಿಂದಿನಿಂದ ಬಂದವು.

ಮುಂದಿದ್ದ ಅಷ್ಟೂ ಗಂಡಸರು ಒಮ್ಮೆಲೇ ತಿರುಗಿ ನೋಡಿದರು. ಅಲ್ಲಿ ಕುದುರೆ ಎಲ್ಲಿಂದ ಬರಬೇಕು? ಸೊಂಟದೆತ್ತರದ ಪರದೆಯ ಮೇಲೆ ಸಾಲಾಗಿ ಹೆಂಗಸರ ಮುಖಗಳಿದ್ದವು. ಸೆರಗುಗಳು ಸರಸರ ಮೇಲೇರಿದವು.

"ಏನ್ ನೋಡ್ತೀರೋ? ನಮ್ಮ ಮಾರಿ ಮ್ಯಾಲ ಕುದುರಿ ಅದಾವೇನು?" ಸುಮಿತ್ರಾಬಾಯಿ ಒದರಿದಳು. ಊರಲ್ಲಿ ಅವಳ ಬಾಯಿಗೆ ಅಂಜದವರಿರಲಿಲ್ಲ.

ಎಲ್ಲರೂ ನಕ್ಕರು. ಕುದುರೆ ಮತ್ತೆ ಬಂದಾಗ ಮತ್ತೆ ತಿರುಗಿದರು. ಕುತ್ತಿಗೆ ತಾನಾಗಿ ಹೊರಳುತ್ತಿತ್ತು. ಆಮೇಲೆ ಪಡ್ಡೆಗಳಿಬ್ಬರು ಕುದುರೆಯಿಲ್ಲದೆಯೂ ತಿರುಗಿದರು. ಸುಮಿತ್ರಾಬಾಯಿ ಸೊಸೆಯ ಕೈ ಹಿಡಿದು ಎದ್ದು ನಿಂತಳು. ಅವಳ ಹಿಂದೆ ಒಬ್ಬೊಬ್ಬರೇ ಎದ್ದರು.

"ಬಂದ್ ಮಾಡಲೇ ಬುರಾನ್ಯಾ!" ಕಲ್ಯಾಣಪ್ಪ ಕುರ್ಚಿಯಿಂದೆದ್ದು ಕಿಸೆಯಿಂದ ಕೀಲಿ ತೆಗೆದ. "ನಾ ಏನ್ ಹೇಳಿದ್ದೆ ನಿನಗ?"

"ಕಾಕಾ, ನೀವೂ ತಿರುಗಿ ನೋಡಿದ್ರಿ."

"ನಾ ಕುದುರಿ ನೋಡ್ದೆ!"

"ಎಲ್ಲಾರೂ ಕುದುರೀನೇ ನೋಡ್ಯಾರ್ರಿ."

"ಎದುರುತ್ತರ ಬ್ಯಾಡ. ಹಿಂದಿನ ಡಬ್ಬಿ ಎರಡೂ ಕಿತ್ತು ಒಗಿ. ಇಲ್ಲಂದ್ರ ಕೀಲಿ."

ಬುರಾನ ಕುದಿಯುತ್ತ ಹಲಗೆಯ ಮೇಲೆ ಹತ್ತಿದ. ಗೋದಾಮು ಹೋದರೆ ಟಿವಿ, ಕಂಪ್ಯೂಟರು, ಎಲ್ಲ ಮನೆಯ ಮೂಲೆಯ ಕಸ. ತಂತಿಗೆ ಕೈ ಹಾಕಿದ್ದನೋ ಇಲ್ಲವೋ, ಪ್ಯಾರಿಬಿ ಅವನ ಅಂಗಿ ಹಿಡಿದು ಜಗ್ಗಿದಳು.

"ಮುಟ್ಟಬ್ಯಾಡ ಬೇಟಾ! ಆಕಿ ಯಾಕ ಅಳ್ತಾಳ ಅಂತ ಇವತ್ತೇ ನನಗ ತಿಳದದ. ಇದನ್ನ ಕಿತ್ತಿ ಅಂದ್ರ ಮನ್ಯಾಗ ರೊಟ್ಟಿ ಕೇಳ್ಬ್ಯಾಡ."

ಡಬ್ಬಿ ಇದ್ದರೆ ಕೀಲಿ. ಕಿತ್ತರೆ ರೊಟ್ಟಿಯಿಲ್ಲ. ಬುರಾನನಿಗೆ ಯಾರ ಮೇಲೆ ಹಾಯಬೇಕೋ ತಿಳಿಯಲಿಲ್ಲ. ಕಣ್ಣ ಮುಂದೆ ಜೋತಾಡುತ್ತಿದ್ದ ಪರದೆ ಕಂಡಿತು. ಅದರ ಮೇಲೆಯೇ ಸಿಟ್ಟು ಹರಿಯಿತು. ಹಗ್ಗದ ಒಂದು ತುದಿ ಬಿಚ್ಚಿದ, ಇನ್ನೊಂದು ತುದಿಯನ್ನೂ ಕಿತ್ತ. ಜಗಳ ಅಡ್ಡ ಕಟ್ಟಿದ್ದರಿಂದಲೇ ಅಲ್ಲವೇ? ಹಾಗಾದರೆ ಉದ್ದ ಕಟ್ಟಿದರಾಯಿತು. ಟಿವಿಯ ಕಡೆಯ ತೊಲೆಯಿಂದ ಹಿಂಗೋಡೆಯ ಗೂಟಕ್ಕೆ ಹಗ್ಗ ಎಳೆದ. ಈಗ ಯಾರೂ ಪರದೆಯ ಮೇಲಿಂದ ನೋಡಬೇಕಿಲ್ಲ; ಇನ್ನೆರಡು ಧೋತರ ಸೇರಿಸಿ ಆಳೆತ್ತರ ಮಾಡಿದ.

"ಬಲಕ್ಕ ಗಂಡಸರು, ಎಡಕ್ಕ ಹೆಣ್ಮಕ್ಕಳು. ಹಿಂದ ಯಾರೂ ಇಲ್ಲ, ಗೋಡಿ ಅಷ್ಟೇ. ಈಗ ತಿರುಗಿ ನೋಡ್ರಿ, ಎಷ್ಟ್ ನೋಡ್ತೀರಿ ನೋಡ್ರಿ!"

"ಗಂಡಸರ ಸರೀಕ ಹೆಂಗಸರು ಮುಂದ ಕೂಡೋದಾ? ಇದ್ಯಾವ ರೀತಿಲೇ?" ಕಲ್ಯಾಣಪ್ಪ ಗುಡುಗಿದ.

ಬಾಗಿಲ ತನಕ ಹೋಗಿದ್ದ ಸುಮಿತ್ರಾಬಾಯಿ ತಿರುಗಿದಳು. "ಅಫಜಲಪುರದ ಬಸ್ಸಿನ್ಯಾಗ ನಾವು ಮುಂದ ಕೂಡ್ತೀವಿ, ನೀವು ಹಿಂದ, ಯಣ್ಣಾ. ಇವತ್ತಿನ ತನಕ ಯಾರೂ ಸತ್ತಿಲ್ಲ." ಹೇಳಿದವಳೇ ಸೊಸೆಯನ್ನು ಎಳೆದುಕೊಂಡು ಎಡಕ್ಕೆ ನಡೆದು, ಟಿವಿಯ ಎದುರಿಗೇ ಕೂತಳು. ಪ್ಯಾರಿಬಿ ಮೊಣಕಾಲು ಹಿಡಿದುಕೊಂಡು ಅವಳ ಪಕ್ಕ ಕುಸಿದಳು. ಉಳಿದವರು ಅವರ ಹಿಂದೆ ತುಂಬಿಕೊಂಡರು.

ಕಲ್ಯಾಣಪ್ಪನ ಕುರ್ಚಿ ಸರಿಯಾಗಿ ಹಗ್ಗದ ಕೆಳಗೆ ಬಂದಿತ್ತು. ಧೋತರದ ಚುಂಗು ಅವನ ತಲೆಯ ಪಟಗದ ಮೇಲೆ ಇಳಿದಿತ್ತು.

"ಬಲಕ್ಕ ಸರೀರಿ ಕಾಕಾ," ಬುರಾನ ಹೇಳಿದ, "ಇಲ್ಲಂದ್ರ ಸುಮಿತ್ರಾಬಾಯಿಯವರ ಬಾಜೂಕ ಕೂಡ್ರಿ."

ಗೋದಾಮು ಹೋ ಎಂದಿತು. ಕಲ್ಯಾಣಪ್ಪ ಕುರ್ಚಿಯನ್ನು ಬಲಕ್ಕೆಳೆದು ಕೂತ. ಕೀಲಿ ಕೈಯಲ್ಲೇ ಇತ್ತು.

ಬುರಾನ ಸಿನಿಮಾವನ್ನು ಕುದುರೆಗಳ ತನಕ ಹಿಂದಕ್ಕೆ ಸರಿಸಿ ಬಿಟ್ಟ. ಗೊರಸುಗಳು ಗಂಡಸರ ಬೆನ್ನಿಗೆ ಎದ್ದವು. ಎಲ್ಲರೂ ತಿರುಗಿದರು. ಎರಡು ಕರಿ ಡಬ್ಬಿ, ಖಾಲಿ ಗೋಡೆ, ಅದರ ಮೇಲೊಂದು ಹಲ್ಲಿ. ನಗು ಎದ್ದಿತು. ಅಷ್ಟರಲ್ಲಿ ಗೊರಸುಗಳು ಪರದೆ ದಾಟಿ ಆಚೆ ಹೋದವು.

"ನಮ್ಮ ಕಡಿ ಬಂದ್ವು! ನಮ್ಮ ಕಡಿ ಬಂದ್ವು!" ಪ್ಯಾರಿಬಿ ಚಪ್ಪಾಳೆ ತಟ್ಟಿದಳು.

ಕಲ್ಯಾಣಪ್ಪ ಇನ್ನೂ ಗೋಡೆಯ ಕಡೆಗೇ ತಿರುಗಿ ಕೂತಿದ್ದ. ಕೀಲಿಯನ್ನು ಕಿಸೆಗೆ ಹಾಕಿ ಬುರಾನನನ್ನು ಸನ್ನೆ ಮಾಡಿ ಕರೆದ.

"ಇನ್ನೊಮ್ಮೆ ಹಚ್ಚಲೇ. ನಮ್ಮ ಕಡಿ ಕುದುರಿ ಲಗೂನೇ ಹೆಂಗಸರ ಕಡಿ ಓಡಿ ಹೋಗ್ತಾವ."