ಟೈರಿನ ಒಳ ಅಂಚು

ಹನ್ನೆರಡು ವರ್ಷ ಸ್ಟೇರಿಂಗ್ ಹಿಡಿದ ಕೈ ನನ್ನದು. ಆದರೂ ಸಂಬಳಕ್ಕೆ ನಾನು ಓಡಿಸುತ್ತಿದ್ದ ಭಾವನ ಕಾರಿನ ಮುಂದಿನ ಟೈರುಗಳು ಒಂದೇ ವರ್ಷದಲ್ಲಿ ಎರಡು ಸಲ ಸವೆದಾಗ ತಪ್ಪು ನನ್ನ ತಲೆಗೇ ಬಂತು. ‘ಹುಚ್ಚನ ಹಾಗೆ ಬ್ರೇಕ್ ಒತ್ತುತ್ತಾನೆ’ ಎಂದು ಭಾವ ಕಂಡಕಂಡವರ ಮುಂದೆಲ್ಲ ಆಡಿದ. ಚಕ್ರಗಳು ನೇರ ಇವೆಯೇ ಎಂದು ಒಮ್ಮೆ ಅಲೈನ್‌ಮೆಂಟ್ ನೋಡಿಸೋಣ ಎಂದರೆ, ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಎಂದು ನಕ್ಕು ಬೀಗದ ಕೈ ಕಿತ್ತುಕೊಂಡ. ಅಂಥ ಹೆಸರು ಹೊತ್ತವನ ಕೈಗೆ ಆಮೇಲೆ ಯಾರೂ ಗಾಡಿ ಕೊಡಲಿಲ್ಲ.

ವರ್ಷ ಕಳೆಯಿತು. ಹೊಸ ಡ್ರೈವರನ ಕೈಯಲ್ಲೂ ಟೈರು ಸವೆದವು. ಅವನನ್ನೂ ಓಡಿಸಿದ್ದಾಯಿತು. ಭಾವ ಪರವೂರಿಗೆ ಹೋಗಿದ್ದಾಗ ಅಕ್ಕ ಫೋನ್ ಮಾಡಿದಳು: ‘ಬಾರೋ, ಟೈರ್ ಅಂಗಡಿಗೆ ಹೋಗಿ ಬರೋಣ.’ ಕರುಳು ಕೇಳಬೇಕಲ್ಲ, ಹೋದೆ.

ಅಂಗಡಿಯವನು ಕಾರು ಎತ್ತಿ ನಿಲ್ಲಿಸಿ, ಟೈರಿನ ಮೇಲೆ ಅಂಗೈ ಅಡ್ಡಡ್ಡ ಸವರಿದ. ‘ನೀವೂ ಮುಟ್ಟಿ ನೋಡಿ.’ ಒಂದು ಕಡೆಗೆ ಸವರಿದರೆ ನುಣುಪು, ತಿರುಗಿ ಎಳೆದರೆ ಗರಗಸದ ಹಲ್ಲು.

‘ಬ್ರೇಕಿಂದಾದ್ರೆ ಹೀಗೆ ಒಳ ಅಂಚು ಮಾತ್ರ ಬೋಳಾಗಲ್ಲ’ ಎಂದು ಅವನು ಕಾರಿನ ಅಡಿಗೆ ಟಾರ್ಚ್ ಬಿಟ್ಟ. ಸ್ಟೇರಿಂಗಿನಿಂದ ಚಕ್ರಕ್ಕೆ ಹೋಗುವ ಕಂಬಿ ಬಾಗಿತ್ತು. ‘ಎರಡೂ ಚಕ್ರ ಹೊರಕ್ಕೆ ಮುಖ ಮಾಡ್ಕೊಂಡು ಉಜ್ಜಿಕೊಂಡು ಹೋಗ್ತಿವೆ. ಎಲ್ಲೋ ಜೋರಾಗಿ ಗುದ್ದಿದ್ದೀರಿ.’

‘ನಾನು ಗುದ್ದಿಲ್ಲ!’ ಎಂದು ಕೂಗಿದೆ. ಹಾಗಾದರೆ ನೆಲವೇ ಡೊಂಕಾಗಿತ್ತು! ಆ ಕಂಬಿಯನ್ನು ಭಾವನ ಮುಖಕ್ಕೆ ಹಿಡಿಯಬೇಕೆಂದು ಕೈ ತುರಿಸಿತು.

ಬೆಂಚಿನ ಮೇಲೆ ಕೂತಿದ್ದ ಅಕ್ಕ ತಲೆ ಎತ್ತಲಿಲ್ಲ. ‘ಗುದ್ದಿದ್ದು ಅವರು. ಎರಡು ವರ್ಷದ ಹಿಂದೆ, ರಸ್ತೆ ನಡುವಿನ ಕಟ್ಟೆಗೆ. ಪಕ್ಕದಲ್ಲೇ ಕೂತಿದ್ದೆ. ಯಾರಿಗೂ ಹೇಳಬೇಡ ಅಂದ್ರು.’

‘ಗೊತ್ತಿದ್ದೂ, ನನ್ನ ಹೊಟ್ಟೆ ಮೇಲೆ ಹೊಡೆಯೋವಾಗ ಸುಮ್ನಿದ್ಯಾ?’

‘ನೀನು ಇನ್ನೊಂದು ಕೆಲಸ ಹುಡುಕ್ಕೋತೀಯ ಅಂದ್ಕೊಂಡೆ ಕಣೋ. ನಾನು ಇನ್ನೊಂದು ಮನೆ ಎಲ್ಲಿ ಹುಡುಕಲಿ?’

ಒಡಹುಟ್ಟಿದವಳು! ಭಾವನ ಮೇಲಿದ್ದ ಸಿಟ್ಟಿಗಿಂತ ಅವಳ ಮೇಲಿನ ಸಿಟ್ಟೇ ಹೆಚ್ಚು ಉರಿಯಿತು.

ಕಂಬಿ ಬದಲಾಯಿತು, ಹೊಸ ಟೈರು ಕೂತವು, ಚಕ್ರಗಳು ನೇರವಾದವು. ವಾಪಸು ಬರುವಾಗ ಅಕ್ಕ ಹೇಳಿದಳು: ‘ನಾಳೆಯಿಂದ ನೀನೇ ಬಾ, ಅವರನ್ನ ನಾನು ಒಪ್ಪಿಸ್ತೀನಿ. ಆದ್ರೆ ಕಂಬಿ ವಿಷಯ ಎತ್ತಬೇಡ. ಬುದ್ಧಿ ಬಂತು ಭಾವ, ಇನ್ಮೇಲೆ ನಿಧಾನವಾಗಿ ಓಡಿಸ್ತೀನಿ ಅನ್ನು, ಸಾಕು.’

ಮನೆಯಲ್ಲಿ ಎರಡು ಮಕ್ಕಳಿವೆ. ಹೂಂ ಅಂದೆ.

ಇನ್ನು ಟೈರುಗಳು ಬೇಗ ಸವೆಯುವುದಿಲ್ಲ. ಭಾವ ಅವನ್ನೇ ಎಲ್ಲರಿಗೂ ತೋರಿಸಿ, ‘ನೋಡಿದ್ರಾ, ನಿಧಾನ ಓಡಿಸಿದ್ರೆ ಸವೆಯಲ್ಲ. ಆಗ ತಪ್ಪು ಇವನದೇ’ ಎನ್ನುತ್ತಾನೆ. ನಾನು ಪಕ್ಕದಲ್ಲಿ ನಿಂತು ತಲೆಯಾಡಿಸಬೇಕು.