ಕಡ್ಡಿಯ ಮೇಲಿನ ಗೆರೆ

ಪರೀಕ್ಷೆಯ ಇಪ್ಪತ್ತನೆಯ ದಿನದ ಸಂಜೆ ಗಾಜಿನಂಗಡಿಯವನು ಪಿಕಪ್ಪಿನ ಬಾನೆಟ್ ಎತ್ತಿ, ಆಯಿಲ್ ನೋಡುವ ಕಡ್ಡಿ ಎಳೆದು, ಒರೆಸಿ, ಮತ್ತೆ ಮುಳುಗಿಸಿ ಎಳೆದು ನೋಡಿದ. ಆಯಿಲ್ ಅವನು ಗೀಚಿದ್ದ ಗೆರೆಯಲ್ಲೇ ನಿಂತಿತ್ತು. ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಕುಣಿದಾಡಿಬಿಡುತ್ತಿದ್ದರು. ಇವನು ಮಾತ್ರ ಕಡ್ಡಿಯನ್ನು ಒರೆಸಿ ಇನ್ನೊಮ್ಮೆ ಮುಳುಗಿಸಿದ.

ಬೀದಿಯವರು ಅವನಿಗೆ ದುರ್ಬೀನು ಎಂದು ಸುಮ್ಮನೆ ಹೆಸರಿಟ್ಟಿರಲಿಲ್ಲ. ತರಕಾರಿಯವಳು ಒಂದು ಟೊಮೆಟೊ ಹೆಚ್ಚಿಗೆ ಹಾಕಿದರೆ, ಕೊಳೆತದ್ದನ್ನು ದಾಟಿಸುತ್ತಿದ್ದಾಳೆಂದು ಅದನ್ನೇ ಮೊದಲು ಹಿಸುಕಿ ನೋಡುವ ಆಸಾಮಿ.

ಪಿಕಪ್ ಓಡಿದ್ದು ಮೂರು ಲಕ್ಷ ಎಂಬತ್ತೇಳು ಸಾವಿರ ಕಿಲೋಮೀಟರು. ಮನೆಯಲ್ಲಿ ಅದಕ್ಕೆ ದೊಡ್ಡಮ್ಮ ಎಂದು ಹೆಸರು; ಕೆಮ್ಮುತ್ತಾಳೆ, ಗೊಣಗುತ್ತಾಳೆ, ಆದರೆ ಹೊತ್ತ ಗಾಜನ್ನು ಇವತ್ತಿನವರೆಗೆ ಒಡೆದಿಲ್ಲ. ಬಾಡಿಗೆ ಗಾಡಿಯವರನ್ನು ನಂಬಿದ ಎರಡು ಸಲವೂ ಕಳಿಸಿದ ಕನ್ನಡಿ ಚೂರಾಗಿ ತಲುಪಿತ್ತು. ಈಗ ಬ್ರೋಕರ್ ಒಬ್ಬ ಬೆನ್ನು ಬಿದ್ದಿದ್ದ. ಭಾನುವಾರದೊಳಗೆ ಕೊಟ್ಟರೆ ಒಳ್ಳೆಯ ಬೆಲೆ, ಆಮೇಲೆ ಗುಜರಿ ಬೆಲೆ ಎನ್ನುತ್ತಿದ್ದ. ಮಾರಿದರೆ ಗಾಜು ಮತ್ತೆ ಬಾಡಿಗೆಯವರ ಕೈಗೆ. ಇಟ್ಟುಕೊಂಡು ಎಂಜಿನ್ ಕೈಕೊಟ್ಟರೆ, ಮುಂದಿನ ತಿಂಗಳು ಆಸ್ಪತ್ರೆ ಕಟ್ಟಡಕ್ಕೆ ಹೋಗಬೇಕಾದ ಗಾಜೆಲ್ಲ ರಸ್ತೆಯ ಪಾಲು, ಅಂಗಡಿಯೂ ಅದರ ಹಿಂದೆಯೇ.

ಹೆಂಡತಿಗೆ ಬ್ರೋಕರನ ದನಿ ಎರಡೇ ದಿನದಲ್ಲಿ ಕೈವಶವಾಗಿತ್ತು. ಮೂಗಿನಲ್ಲಿ ಗಾಳಿ ತುಂಬಿಕೊಂಡು, "ನೋಡಿ ಸಾರ್, ಗಾಡಿ ಅಂದ್ರೆ ಮನುಷ್ಯರಿದ್ದಂಗೆ ಸಾರ್. ಏಜು ಆಯ್ತು, ಮೈಲೇಜು ಹೋಯ್ತು, ಉಳಿದಿದ್ದು ಗ್ಯಾರೇಜು ಸಾರ್!" ಎಂದು ಅವಳು ಸೌಟು ಆಡಿಸಿದರೆ ಅವಳ ಮಾವನವರೂ, ಅಂದರೆ ಇವನ ಅಪ್ಪನೂ, ಪೇಪರಿನ ಹಿಂದೆ ಕುಲುಕುತ್ತಿದ್ದರು.

ಪರೀಕ್ಷೆ ಹೇಳಿಕೊಟ್ಟವನು ಅವಳ ತಮ್ಮ, ಮೆಕ್ಯಾನಿಕ್. "ಭಾವ, ಮೀಟರ್ ನೋಡಿ ಆಯಸ್ಸು ಹೇಳಕ್ಕಾಗಲ್ಲ. ಆಯಿಲ್ ಎಷ್ಟು ಕುಡಿಯುತ್ತೆ ನೋಡಿ. ಸಾವಿರ ಕಿಲೋಮೀಟರ್ ಓಡ್ಸಿ, ಒಂದು ತೊಟ್ಟೂ ಹಾಕ್ಬೇಡಿ. ಅರ್ಧ ಲೀಟರ್ ಒಳಗೆ ಇಳಿದ್ರೆ ಇಟ್ಕೊಳ್ಳಿ. ಲೀಟರ್ ದಾಟಿದ್ರೆ ಕಣ್ಣುಮುಚ್ಚಿ ಮಾರಿ."

ಅಂದೇ ಗಾಜು ಕೊಯ್ಯುವ ಕಟ್ಟರಿನಿಂದ ಕಡ್ಡಿಯ ಮೇಲೆ ಸಣ್ಣ ಗೆರೆ ಗೀಚಿದ್ದ. ಈಗ ಸಾವಿರ ಕಿಲೋಮೀಟರು ಮುಗಿದಿತ್ತು. ಗೆರೆ ಅಲ್ಲೇ, ಆಯಿಲೂ ಅಲ್ಲೇ.

"ಹಂಗಾಗಕ್ಕೆ ಸಾಧ್ಯವೇ ಇಲ್ಲ ಭಾವ," ಎಂದ ಮೆಕ್ಯಾನಿಕ್ ಫೋನಿನಲ್ಲಿ. "ಶೋರೂಮಿನ ಗಾಡಿನೂ ಒಂದು ಗುಟುಕು ಕುಡಿಯುತ್ತೆ. ಯಾರೋ ಹಾಕಿದ್ದಾರೆ."

"ಯಾರೋ ಅಂದ್ರೆ? ಗಾಡಿ ಉಳಿದ್ರೆ ಯಾರ ಗ್ಯಾರೇಜು ಉಳಿಯುತ್ತೋ ಅವರೇ ಇರಬೇಕು."

ಆ ಕಡೆ ಸ್ಪ್ಯಾನರ್ ನೆಲಕ್ಕೆ ಬಿದ್ದ ಸದ್ದು. "ನಾನಾ? ನಿಮ್ಮ ದೊಡ್ಡಮ್ಮನಿಂದ ನಾನು ಉದ್ಧಾರ ಆಗಿದ್ದು ಅಷ್ಟರಲ್ಲೇ ಇದೆ! ಹೋದ ಸಲದ ಕ್ಲಚ್ ಪ್ಲೇಟಿಗೆ ನೀವು ಕೊಟ್ಟಿದ್ದು ಒಂದು ಮುಖ ನೋಡೋ ಕನ್ನಡಿ. ಅದರಲ್ಲಿ ನನ್ನ ಮುಖ ನೋಡ್ಕೊಂಡು ನಾನೇ ಅಳ್ತಿದೀನಿ."

ಭಾವಮೈದುನನನ್ನು ಅನುಮಾನದ ಪಟ್ಟಿಯಿಂದ ತೆಗೆಯಲಿಲ್ಲ, ಸ್ವಲ್ಪ ಕೆಳಕ್ಕೆ ಇಳಿಸಿದ. ಮೇಲಿನ ಜಾಗಕ್ಕೆ ಹೆಂಡತಿ ಬಂದಳು. ಮೊನ್ನೆ ಕೇಳದೆಯೇ ಎರಡನೇ ಲೋಟ ಟೀ ಕೊಟ್ಟಿದ್ದಳಲ್ಲ, ಏಕೆ?

ಆದರೆ ಬಾನೆಟ್ ಬಿಚ್ಚಲು ಕ್ಯಾಬಿನ್ನಿನೊಳಗಿನ ಹಿಡಿ ಎಳೆಯಬೇಕು, ಕ್ಯಾಬಿನ್ನಿಗೆ ಬೀಗ. ಬೀಗದ ಕೈ ಅವನ ಸೊಂಟದಲ್ಲಿ. ಇನ್ನೊಂದು ಅಪ್ಪನ ಹತ್ತಿರ ಇತ್ತು, ಅದು ಕಳೆದು ಎರಡು ವರ್ಷವಾಗಿತ್ತು. ಮೂವತ್ತೈದು ವರ್ಷ ಬಸ್ಸು ಓಡಿಸಿದ ಅಪ್ಪನ ಕಣ್ಣು ಮಂಜಾದಾಗ, ಇನ್ನು ನೀವು ಸ್ಟಿಯರಿಂಗ್ ಮುಟ್ಟಬೇಡಿ ಎಂದು ಮಗ ಹೇಳಿದ್ದ. ಬೀಗದ ಕೈ ಕೇಳಿದಾಗ ಅಪ್ಪ ಜೇಬು ತಡಕಿ "ಎಲ್ಲೋ ಬಿತ್ತು" ಎಂದಿದ್ದರು. ಅಂದಿನಿಂದ ಇಬ್ಬರ ನಡುವೆ ಮಾತು ಲೆಕ್ಕದ ಮಾತು.

ದುರ್ಬೀನು ಮಲಗುವ ಮುಂಚೆ ಬಟಾಣಿಯಷ್ಟು ಪುಟ್ಟಿಯನ್ನು, ಕಿಟಕಿಗೆ ಗಾಜು ಕೂರಿಸುವ ಅದೇ ಪುಟ್ಟಿಯನ್ನು, ಬಾನೆಟ್ಟಿನ ಅಂಚಿಗೆ ಅಂಟಿಸಿದ. ಬೆಳಿಗ್ಗೆ ನೋಡಿದರೆ ಬಟಾಣಿ ಅಪ್ಪಚ್ಚಿಯಾಗಿತ್ತು. ಅಂದರೆ ತನ್ನ ಗಾಡಿಗೆ, ತನ್ನ ಶೆಡ್ಡಿನಲ್ಲಿ, ತನ್ನ ಬೀಗದೊಳಗೆ, ಯಾರೋ ಕಡ್ಡಿಯಾಡಿಸುತ್ತಿದ್ದಾರೆ!

ಮರುದಿನ ಬೆಳಕು ಹರಿಯುವ ಹೊತ್ತಿಗೆ ಶೆಡ್ಡಿನ ಮೂಲೆಯಲ್ಲಿ, ಗಾಜು ಒಯ್ಯುವ ಮರದ ಚೌಕಟ್ಟಿನ ಹಿಂದೆ ಕುಕ್ಕರುಗಾಲಲ್ಲಿ ಕೂತ. ಎದುರು ಗೋಡೆಗೆ ಒರಗಿಸಿದ ಏಳು ಕನ್ನಡಿಗಳಿದ್ದವು. ಬಾಗಿಲು ಕಿರ್ ಎಂದಿತು. ಏಳು ಕನ್ನಡಿಯಲ್ಲಿ ಏಳು ಬನಿಯನ್ನುಗಳು ಒಟ್ಟಿಗೆ ಒಳಗೆ ಬಂದವು. ಏಳೂ ಜನ ಜೇಬಿನಿಂದ ಬೀಗದ ಕೈ ತೆಗೆದರು. ಬಾನೆಟ್ ಎತ್ತಿ, ಕಡ್ಡಿಯನ್ನು ಕಣ್ಣಿನ ಹತ್ತಿರ ತಂದು, ಬೆರಳಿನ ಉಗುರಿನಿಂದ ಗೆರೆ ತಡವಿ ನೋಡಿದರು. ಕೆಮ್ಮಿನ ಟಾನಿಕ್ಕಿನ ಮುಚ್ಚಳಕ್ಕೆ ಆಯಿಲ್ ಸುರಿದು, ಮಗುವಿಗೆ ಔಷಧಿ ಕುಡಿಸಿದ ಹಾಗೆ ದೊಡ್ಡಮ್ಮನಿಗೆ ಕುಡಿಸಿದರು.

"ಅಪ್ಪಾ!"

ಮುಚ್ಚಳ ಉರುಳಿತು, ಅಪ್ಪ ಅಲುಗಲಿಲ್ಲ. "ಅಲ್ಲಿ ಯಾಕೋ ಕೂತಿದ್ದೀಯ? ಗಾಜು ಚುಚ್ಚುತ್ತೆ, ಏಳು."

"ಬೀಗದ ಕೈ ಕಳೆದೋಯ್ತು ಅಂದ್ರಲ್ಲ!"

"ಓಡಿಸ್ಬೇಡಿ ಅಂದೆ, ಓಡಿಸ್ಲಿಲ್ಲ. ನೋಡ್ಬೇಡಿ ಅಂತ ಯಾವಾಗ ಹೇಳಿದ್ದೆ? ಬೆಳಿಗ್ಗೆ ಕಡ್ಡಿ ನೋಡದೆ ಟೀ ಕುಡಿದ್ರೆ ನನಗೆ ಗಂಟಲಲ್ಲಿ ಇಳಿಯಲ್ಲಪ್ಪ."

"ನನ್ನ ಪರೀಕ್ಷೆ ಎಲ್ಲಾ ಕೆಡಿಸಿದ್ರಿ!"

"ಯಾವ ಪರೀಕ್ಷೆ? ಈ ಮನೇಲಿ ನನಗೆ ಯಾರು ಏನು ಹೇಳ್ತೀರ?" ಅಪ್ಪನ ದನಿ ಮೊದಲ ಬಾರಿಗೆ ಏರಿತು. "ಕಡ್ಡಿ ಮೇಲೆ ನೀನು ಗೆರೆ ಎಳೆದಿದ್ದೆ. ಡಿಪೋದಲ್ಲಿ ನಮ್ಮ ಮೇಸ್ತ್ರಿ ಹಂಗೇ ಎಳೆಯೋನು, ಇದಕ್ಕಿಂತ ಕೆಳಗೆ ಇಳಿಬಾರದು ಅಂತ. ಬಾಯಿಬಿಟ್ಟು ಹೇಳಕ್ಕೆ ಮನಸ್ಸಿಲ್ದೆ ಗೆರೆ ಎಳೆದು ಹೇಳಿದ್ದಾನೆ ಮಗ ಅಂದ್ಕೊಂಡೆ. ಅವತ್ತಿಂದ ಆ ಗೆರೆಗಿಂತ ಕೆಳಗೆ ಇಳಿಯಕ್ಕೆ ಬಿಟ್ಟಿಲ್ಲ."

ದುರ್ಬೀನು ಉರುಳಿದ ಮುಚ್ಚಳದತ್ತ ನೋಡಿದ. "ಎಷ್ಟು ಹಾಕಿದ್ರಿ?"

"ದಿನಕ್ಕೊಂದು ಮುಚ್ಚಳ. ಇವತ್ತಿನದೂ ಸೇರಿ ಇಪ್ಪತ್ತೆರಡು. ಗೆರೆ ಕಂಡ ದಿನವೇ ಹೊಸ ಕ್ಯಾನ್ ಒಡೆದಿದ್ದು."

"ತುಂಬಾನಾ, ಮುಕ್ಕಾಲಾ?"

ಅಪ್ಪ ದುರುಗುಟ್ಟಿದರು. ಮಗ ಆಗಲೇ ಮುಚ್ಚಳ ಹೆಕ್ಕಿ ಅದರ ಮೇಲಿನ ಅಳತೆ ಓದುತ್ತಿದ್ದ: ಹದಿನೈದು ಎಂ.ಎಲ್. ಇಪ್ಪತ್ತೆರಡಕ್ಕೆ ಮುನ್ನೂರ ಮೂವತ್ತು. ಅರ್ಧ ಲೀಟರಿಗೆ ಇನ್ನೂ ದೂರ! ಸಂತೋಷ ಗಂಟಲಿಗೆ ಬರುವಷ್ಟರಲ್ಲಿ ಅನುಮಾನ ಅಡ್ಡ ನಿಂತಿತು. ಗಾಡಿ ಉಳಿಯಲಿ ಎಂದು ಅಪ್ಪ ಕಡಿಮೆ ಹೇಳುತ್ತಿದ್ದರೆ? ಅಪ್ಪ ತಂದಿದ್ದ ಲೀಟರ್ ಕ್ಯಾನನ್ನು ಬೆಳಕಿಗೆ ಹಿಡಿದ. ಪಕ್ಕದ ಅಳತೆಪಟ್ಟಿಯಲ್ಲಿ ಆಯಿಲ್ ಮೂರನೇ ಎರಡು ಭಾಗಕ್ಕೆ ನಿಂತಿತ್ತು.

"ಇನ್ನೊಂದು ಕ್ಯಾನ್ ಇಲ್ಲ ತಾನೇ?"

ಅಪ್ಪ ಎರಡೂ ಕೈ ಮೇಲೆತ್ತಿ ನಿಂತರು. "ಬನಿಯನ್ ಒಳಗಿದೆ. ನೋಡ್ಕೋ ಬಾ."

ಬಾಗಿಲಲ್ಲಿ ಹೆಂಡತಿ ನಕ್ಕ ಸದ್ದು ಕೇಳಿಸಿತು. ಮಗ ಕ್ಯಾನ್ ಕೆಳಗಿಟ್ಟ.

ಅಪ್ಪ ಬೀಗದ ಕೈಯನ್ನು ಬಾನೆಟ್ಟಿನ ಮೇಲಿಟ್ಟು ಹೊರಟರು. ಬೆನ್ನು ಎಂದಿಗಿಂತ ಸ್ವಲ್ಪ ಹೆಚ್ಚು ಬಾಗಿತ್ತು. ಎರಡು ವರ್ಷ ಈ ಗಾಡಿಗೆ ಮಗ ಒಂದು ಸಲವೂ ಆಯಿಲ್ ತುಂಬಿಸಿರಲಿಲ್ಲ, ತುಂಬಿಸಬೇಕಾಗಿ ಬಂದಿರಲೇ ಇಲ್ಲ. ಎಲ್ಲರನ್ನೂ ಹಿಸುಕಿ ನೋಡಿದವನಿಗೆ ಇದೊಂದು ವಿಷಯದಲ್ಲಿ ಅನುಮಾನವೇ ಬಂದಿರಲಿಲ್ಲ ಎಂಬುದು ಈಗ ಹೊಳೆದು ಕಿವಿ ಬಿಸಿಯಾಯಿತು.

"ಅಪ್ಪ, ಬೀಗದ ಕೈ ಬಿಟ್ಟು ಹೋಗ್ತಿದ್ದೀರಿ," ಎಂದು ಕೂಗಿ, ಓಡಿಹೋಗಿ ಅವರ ಜೇಬಿಗೇ ತುರುಕಿದ. "ಇನ್ಮೇಲೆ ಹಾಕಿದ್ದನ್ನ ನನಗೆ ಹೇಳಿ."

"ನೀನೂ ಗೆರೆ ಎಳೆದ್ರೆ ಯಾಕೆ ಅಂತ ಹೇಳು."

ಭಾನುವಾರ ಬ್ರೋಕರ್ ಬಂದ. ಮಾರುವುದಿಲ್ಲ ಎಂದದ್ದಕ್ಕೆ ಕಣ್ಣು ಕಿರಿದು ಮಾಡಿ ಗಾಡಿಯ ಸುತ್ತ ಎರಡು ಸುತ್ತು ಹಾಕಿದ. "ಏನೋ ಮುಚ್ಚಿಡ್ತಿದ್ದೀರಿ ಸಾರ್. ಇಷ್ಟು ಓಡಿದ ಗಾಡೀನ ಯಾರೂ ಸುಮ್ನೆ ಇಟ್ಕೊಳ್ಳಲ್ಲ," ಎಂದು ಅನುಮಾನ ಹೊತ್ತುಕೊಂಡೇ ಹೋದ. ಮೆಕ್ಯಾನಿಕ್ ಮಾತ್ರ ಲೆಕ್ಕ ಕೇಳಿ, "ಮಾವನವರು ಹಿಂಗೇ ನೋಡ್ಕೊಂಡ್ರೆ ಇನ್ನೊಂದು ಲಕ್ಷ ಧಾರಾಳ ಭಾವ. ಎಂಜಿನ್‌ಗಿಂತ ಮೊದಲು ನಿಮ್ಮ ಅನುಮಾನ ಸವೆಯುತ್ತೆ," ಎಂದ.

ಸವೆಯಲಿಲ್ಲ. ಸೋಮವಾರ ಬೆಳಿಗ್ಗೆ ದುರ್ಬೀನು ಅಡುಗೆಮನೆಯ ಕಿಟಕಿಯ ಪರದೆಯನ್ನು ಎರಡು ಬೆರಳಷ್ಟು ಸರಿಸಿ ನಿಂತಿದ್ದ. ಶೆಡ್ಡಿನ ಬಾಗಿಲು ತೆರೆದೇ ಇತ್ತು. ಅಪ್ಪ ಕಡ್ಡಿ ಎಳೆದರು, ಒರೆಸಿದರು, ಮುಳುಗಿಸಿ ಎಳೆದರು. ಆಮೇಲೆ ಈ ಕಡೆ ತಿರುಗಿಯೂ ನೋಡದೆ, ಕಡ್ಡಿಯನ್ನು ಕಿಟಕಿಯತ್ತ ಎತ್ತಿ ಹಿಡಿದರು.